ನಗುವ ಮೊದಲು ಅಕ್ಕಪಕ್ಕ

2021ರ ಜನವರಿ. ಕೋವಿಡ್ ಲಸಿಕೆ ಇನ್ನೇನು ಬಂತು ಎನ್ನುವ ದಿನಗಳು. ಯಾವ ಲಸಿಕೆ ಎಷ್ಟು ಪರೀಕ್ಷೆಯಾಗಿದೆ, ಯಾವುದು ಬರೀ ನೀರಿನಷ್ಟು ಸುರಕ್ಷಿತ ಎಂದು ದೊಡ್ಡವರೆನಿಸಿಕೊಂಡವರೇ ಹೇಳಿಕೆ ಕೊಡುತ್ತಿದ್ದರು. ಇಂದೋರ್‌ನ ವ್ಯಂಗ್ಯಚಿತ್ರಕಾರ ಹೇಮಂತ್ ಮಾಳವೀಯ ಆ ಮಾತನ್ನು ಹಿಡಿದು ಒಂದು ಚಿತ್ರ ಬರೆದರು. ಪ್ರಧಾನಿ ಡಾಕ್ಟರ್ ವೇಷದಲ್ಲಿ ಸಿರಿಂಜು ಹಿಡಿದಿದ್ದಾರೆ. ಆರೆಸ್ಸೆಸ್ ಸಮವಸ್ತ್ರ ತೊಟ್ಟವನೊಬ್ಬ ಬಗ್ಗಿ ನಿಂತಿದ್ದಾನೆ. ಒರಟು ತಮಾಷೆ, ನಾಜೂಕಿನದೇನಲ್ಲ. ಫೇಸ್‌ಬುಕ್‌ನಲ್ಲಿ ಬಂತು, ಎಲ್ಲ ಪೋಸ್ಟುಗಳ ಹಾಗೆ ಕೆಳಕ್ಕೆ ಸರಿಯಿತು. ನಾಲ್ಕು ವರ್ಷ ಅದರ ಗೊಡವೆಗೆ ಪೊಲೀಸರು ಬರಲಿಲ್ಲ.

2025ರ ಮೇ ತಿಂಗಳಲ್ಲಿ ಬೇರೆ ಯಾರೋ ಅದೇ ಚಿತ್ರಕ್ಕೆ ಜಾತಿ ಗಣತಿಯ ಬಗ್ಗೆ ತಮ್ಮದೊಂದು ಒಕ್ಕಣೆ ಸೇರಿಸಿ ಹರಿಬಿಟ್ಟರು. ಮಾಳವೀಯ ಅದನ್ನು ಮತ್ತೆ ಹಂಚಿಕೊಂಡರು. ಧಾರ್ಮಿಕ ಭಾವನೆಗೆ ಧಕ್ಕೆಯಾಯಿತೆಂದು ಇಂದೋರ್‌ನಲ್ಲಿ ದೂರು ದಾಖಲಾಯಿತು. ಜುಲೈ 3ರಂದು ಮಧ್ಯಪ್ರದೇಶ ಹೈಕೋರ್ಟು ನಿರೀಕ್ಷಣಾ ಜಾಮೀನು ಕೊಡಲು ಒಪ್ಪಲಿಲ್ಲ. ಎರಡು ವಾರದೊಳಗೆ ಸುಪ್ರೀಂ ಕೋರ್ಟು ಬಂಧನದಿಂದ ರಕ್ಷಣೆ ಕೊಟ್ಟಿತು, ಕೊಡುವಾಗ ಇಂಥ ಚಿತ್ರಗಳ ಬಗ್ಗೆ ತನಗಿದ್ದ ಅಸಮಾಧಾನವನ್ನೂ ಬಾಯಿಬಿಟ್ಟು ಹೇಳಿತು. ಮಾಳವೀಯ ಕ್ಷಮೆ ಕೇಳಿದರು.

ಈ ನಾಲ್ಕು ವರ್ಷದಲ್ಲಿ ಚಿತ್ರದ ಒಂದು ಗೆರೆಯೂ ಬದಲಾಗಿರಲಿಲ್ಲ. ಬದಲಾದದ್ದು ಅದರ ಕೆಳಗಿನ ಒಕ್ಕಣೆ, ಅದನ್ನು ನೋಡುತ್ತಿದ್ದ ಜನ, ನೋಡಿದ ಹೊತ್ತು. ಆನ್‌ಲೈನ್ ವ್ಯಂಗ್ಯಚಿತ್ರಗಳಿಗೆ ಓದುಗರು ಹೇಗೆ ಪ್ರತಿಕ್ರಿಯಿಸುತ್ತಾರೆ ಎಂದು ಕೇಳಿದಾಗೆಲ್ಲ ನಾವು ಚಿತ್ರವನ್ನೇ ದಿಟ್ಟಿಸುತ್ತೇವೆ: ಇದು ಮಿತಿ ಮೀರಿತೇ, ಇದರಲ್ಲಿ ಹಾಸ್ಯ ಇದೆಯೇ, ಇದು ಅವಹೇಳನವೇ ಅಂತ. ನನಗನ್ನಿಸುವುದು, ಓದುಗರು ಅಷ್ಟು ಹೊತ್ತು ಚಿತ್ರ ನೋಡುವುದೇ ಇಲ್ಲ. ಒಂದು ಕಣ್ಣು ಚಿತ್ರದ ಮೇಲೆ ಹಾಯಿಸಿ, ಇನ್ನೊಂದು ಕಣ್ಣಿನಲ್ಲಿ ಅಕ್ಕಪಕ್ಕ ನೋಡುತ್ತಾರೆ. ಇದನ್ನು ಕಳಿಸಿದವರು ಯಾರು? ನಗುತ್ತಿರುವವರು ಯಾರು? ನಾನು ನಕ್ಕರೆ ಯಾರ ಪಕ್ಕ ನಿಂತ ಹಾಗಾಗುತ್ತದೆ? ಕೋಪವೋ ಚಪ್ಪಾಳೆಯೋ ಬರುವುದು ಈ ಲೆಕ್ಕ ಮುಗಿದ ಮೇಲೆ.

ಹಿಂದೆ ಈ ಲೆಕ್ಕ ಹಾಕುವ ಪ್ರಮೇಯ ಕಡಿಮೆಯಿತ್ತು. 1942ರಲ್ಲಿ ರಾಶಿ, ಅಂದರೆ ಡಾ. ಎಂ. ಶಿವರಾಂ, ‘ಕೊರವಂಜಿ’ ಶುರುಮಾಡಿದಾಗ ಅದನ್ನು ತರಿಸಿಕೊಂಡವರು ನಗಲೆಂದೇ ಚಂದಾ ಕಟ್ಟಿದವರು. ಆರ್.ಕೆ. ಲಕ್ಷ್ಮಣ್ ಅವರ ಎಳೆಯ ಕೈಯ ಗೆರೆಗಳು ಕನ್ನಡಿಗರ ಮನೆಗೆ ಬಂದದ್ದು ಅದರಲ್ಲೇ. ಪತ್ರಿಕೆಯ ಹೆಸರೇ ಹೇಳುತ್ತಿತ್ತು, ಒಳಗಿರುವುದೆಲ್ಲ ಕೀಟಲೆ ಎಂದು. ಇಷ್ಟವಿಲ್ಲದವರು ಕೊಳ್ಳುತ್ತಿರಲಿಲ್ಲ, ಕೊಂಡವರಿಗೆ ಸಂಪಾದಕರ ವರಸೆ ಗೊತ್ತಿತ್ತು. ಬಯಲಾಟದ ಹಾಸ್ಯಗಾರನಿಗಂತೂ ಇನ್ನೂ ಅನುಕೂಲ. ಯಾರನ್ನು ಚುಚ್ಚುತ್ತಿದ್ದನೋ ಆ ಗೌಡರೋ ಪಟೇಲರೋ ಮುಂದಿನ ಸಾಲಿನಲ್ಲೇ ಕೂತಿರುತ್ತಿದ್ದರು. ಅವರ ಮುಖ ನೋಡಿಕೊಂಡೇ ಮಾತು ಉದ್ದ ಮಾಡಬಹುದು, ಮೊಟಕು ಮಾಡಬಹುದು. ಮಾರನೇ ದಿನ ಆ ಮಾತನ್ನು ಕತ್ತರಿಸಿ, ಹಾಸ್ಯಗಾರನ ಹೆಸರು ಅಳಿಸಿ, ಮುನ್ನೂರು ಮೈಲಿ ಆಚೆಯವರಿಗೆ ತೋರಿಸಲು ಯಾರಿಗೂ ಆಗುತ್ತಿರಲಿಲ್ಲ.

ಈಗ ಕನ್ನಡದ ಯಾವುದೇ ವ್ಯಂಗ್ಯಚಿತ್ರದ ಪುಟ ತೆರೆಯಿರಿ. ಪೆಟ್ರೋಲ್ ದರದ್ದೋ ರಸ್ತೆಗುಂಡಿಯದ್ದೋ ಒಂದು ಚಿತ್ರ. ಕೆಳಗೆ ಮೊದಲ ಐದು ನಿಮಿಷ “ಸಖತ್ ಸಾರ್”, “ಸರಿಯಾಗಿ ಕೊಟ್ರಿ”. ಆಮೇಲೆ ಶುರು. “ಇದೇ ಧೈರ್ಯ ಆ ಕಡೆಯವರ ಮೇಲೆ ತೋರಿಸಿ ನೋಡೋಣ.” “ಎಷ್ಟು ಬಂತು ಪೇಮೆಂಟು?” “ಮೊದಲು ಚಿತ್ರ ಬಿಡಿಸೋದು ಕಲಿ ಗುರು.” “ಹೋದ ಸರ್ಕಾರ ಇದ್ದಾಗ ಎಲ್ಲಿಗೆ ಹೋಗಿದ್ದೆ?” ಈ ಮಾತುಗಳಲ್ಲಿ ಗುಂಡಿಯ ಸುದ್ದಿ ಎಲ್ಲಿದೆ? ಪ್ರತಿಯೊಂದೂ ಬರೆದವನ ಜಾತಕ ಕೇಳುತ್ತಿದೆ. ಮೆಚ್ಚಿದವರದ್ದೂ ಅಷ್ಟೇ, “ಸರಿಯಾಗಿ ಕೊಟ್ರಿ” ಎನ್ನುವಲ್ಲಿ ಯಾರಿಗೆ ಬಿತ್ತು ಎನ್ನುವ ಖುಷಿ ಇದೆ, ಏನು ಹೇಳಿದಿರಿ ಎಂಬುದಿಲ್ಲ. ಎಲ್ಲೋ ಮೂಲೆಯಲ್ಲಿ ಒಬ್ಬ “ಅರ್ಥ ಆಗ್ಲಿಲ್ಲ, ಯಾರಾದ್ರೂ ಹೇಳಿ” ಎಂದಿರುತ್ತಾನೆ. ಆ ಇಡೀ ಸಾಲಿನಲ್ಲಿ ಚಿತ್ರವನ್ನು ನಿಜವಾಗಿ ನೋಡಿದವನು ಅವನೊಬ್ಬನೇ ಎಂದು ನನ್ನ ಗುಮಾನಿ. ಅವನಿಗೆ ಯಾರೂ ಉತ್ತರ ಕೊಟ್ಟಿರುವುದಿಲ್ಲ.

ಮನೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇದು ಇನ್ನೂ ಸ್ಪಷ್ಟ. ಭಾವಮೈದುನ ಒಂದು ರಾಜಕೀಯ ಕಾರ್ಟೂನು ಫಾರ್ವರ್ಡ್ ಮಾಡುತ್ತಾನೆ. ಇಪ್ಪತ್ತೆರಡು ಜನ ನೋಡಿದ್ದಾರೆಂದು ನೀಲಿ ಗುರುತು ಹೇಳುತ್ತದೆ, ಒಬ್ಬರ ಸದ್ದೂ ಇಲ್ಲ. ದೊಡ್ಡಪ್ಪ ಏನನ್ನುತ್ತಾರೋ ಎಂದು ಎಲ್ಲರೂ ಕಾಯುತ್ತಿದ್ದಾರೆ. ದೊಡ್ಡಪ್ಪ “ಇಂಥದ್ದೆಲ್ಲ ಇಲ್ಲಿ ಬೇಡಪ್ಪ” ಎಂದರೆ ಮೂರು ಜನ ಕೈಮುಗಿದ ಗುರುತು ಹಾಕುತ್ತಾರೆ. ಅದೇ ಮೂವರು ಭಾವಮೈದುನನಿಗೆ ಬೇರೆಯಾಗಿ ನಗುವ ಮುಖ ಕಳಿಸಿರುತ್ತಾರೆ. ಅಷ್ಟರಲ್ಲಿ ಅತ್ತೆಯೊಬ್ಬರು ಗುಲಾಬಿ ಹೂವಿನ ಶುಭೋದಯ ಹಾಕಿ ಎಲ್ಲರನ್ನೂ ಕಾಪಾಡುತ್ತಾರೆ. ಒಂದೇ ಚಿತ್ರ, ಒಂದೇ ಮನುಷ್ಯ, ಎರಡು ಪ್ರತಿಕ್ರಿಯೆ. ಸುಳ್ಳು ಯಾವುದು ಎಂದು ಕೇಳಿದರೆ ಎರಡೂ ಅಲ್ಲ. ನಗು ಎನ್ನುವುದು ಒಬ್ಬಂಟಿ ಕೆಲಸವಲ್ಲ, ಅಷ್ಟೇ.

ವಿಡಂಬನೆಯನ್ನು ತಮಗೆ ಬೇಕಾದ ಹಾಗೆ ಓದಿಕೊಳ್ಳುವ ಚಾಳಿ ಇಂಟರ್ನೆಟ್ಟು ತಂದದ್ದಲ್ಲ. 1940ರ ದಶಕದ ಅಮೆರಿಕದಲ್ಲಿ ಜನಾಂಗದ್ವೇಷವನ್ನು ಗೇಲಿ ಮಾಡಲೆಂದೇ ‘ಮಿಸ್ಟರ್ ಬಿಗಟ್’ ಎಂಬ ಪಾತ್ರವನ್ನು ಹುಟ್ಟುಹಾಕಿದರು. ಮುದುಡಿದ ಮುಖದ, ಪೂರ್ವಗ್ರಹವೇ ಮೈವೆತ್ತ ಮನುಷ್ಯ. ಒಂದು ಚಿತ್ರದಲ್ಲಿ ಅವನು ಕಾಯಿಲೆ ಬಿದ್ದು ಹಾಸಿಗೆಯಲ್ಲಿದ್ದಾನೆ, ರಕ್ತ ಕೊಡಬೇಕಾಗಿದೆ. ಆರು ತಲೆಮಾರಿನಿಂದ ಅಮೆರಿಕದವರಾದವರ ರಕ್ತವೇ ಆಗಬೇಕೆಂದು ಡಾಕ್ಟರ ಹತ್ತಿರ ಹಟ ಹಿಡಿದಿದ್ದಾನೆ. ಓದಿದವರು ನಕ್ಕು, ಛೆ, ನಾವೂ ಹೀಗೇ ಅಲ್ಲವೇ ಎಂದು ನಾಚಿಕೊಳ್ಳಲಿ ಎಂಬುದು ಉದ್ದೇಶ. ಯೂನಿಸ್ ಕೂಪರ್ ಮತ್ತು ಮೇರಿ ಯಹೋಡ ಎಂಬ ಮನೋವಿಜ್ಞಾನಿಗಳು ಈ ಚಿತ್ರಗಳನ್ನು ಓದಿದವರ ಪ್ರತಿಕ್ರಿಯೆಗಳನ್ನು ಅಭ್ಯಾಸ ಮಾಡಿ 1947ರಲ್ಲಿ ಒಂದು ಪ್ರಬಂಧ ಬರೆದರು. ಪೂರ್ವಗ್ರಹ ಇದ್ದವರು ಚಿತ್ರದ ಮೊನೆಯಿಂದ ಜಾರಿಕೊಳ್ಳುವ ಉಪಾಯಗಳ ಪಟ್ಟಿಯೇ ಅದು. ಕೆಲವರಿಗೆ ಚಿತ್ರ ತಲೆಗೆ ಹೋಗಲೇ ಇಲ್ಲ. ಕೆಲವರು, ಇವನೊಬ್ಬ ಹೊಸದಾಗಿ ದುಡ್ಡು ಕಂಡ ಒರಟ, ನನಗೂ ಇವನಿಗೂ ಏನು ಸಂಬಂಧ ಎಂದು ದಾಟಿಕೊಂಡರು. ಇನ್ನೂ ವಿಚಿತ್ರವೆಂದರೆ, ಮೊದಲು ಬಿಗಟ್ ಹೇಳುತ್ತಿರುವುದು ಸರಿ ಎಂದುಕೊಂಡು, ಅರ್ಧ ದಾರಿಯಲ್ಲಿ ಇದು ತನ್ನನ್ನೇ ಆಡಿಕೊಳ್ಳುತ್ತಿದೆ ಎಂಬ ವಾಸನೆ ಹತ್ತಿ, ಅಲ್ಲಿಂದ ಮುಂದೆ ಚಿತ್ರವನ್ನು ಅರ್ಥ ಮಾಡಿಕೊಳ್ಳುವುದನ್ನೇ ನಿಲ್ಲಿಸಿದವರು. ಅವರದು ದಡ್ಡತನವಲ್ಲ. ಬುದ್ಧಿ ಚುರುಕಾಗಿಯೇ ಕೆಲಸ ಮಾಡಿತು, ತಪ್ಪಿಸಿಕೊಳ್ಳುವುದಕ್ಕೆ.

ಅರವತ್ತು ವರ್ಷದ ನಂತರವೂ ಇದೇ ಕಥೆ. ಸ್ಟೀಫನ್ ಕೋಲ್ಬೇರ್ ಎಂಬ ಟೀವಿ ಹಾಸ್ಯಗಾರ ಬಲಪಂಥೀಯ ನಿರೂಪಕನ ವೇಷ ಹಾಕಿ ಬಲಪಂಥವನ್ನೇ ಗೇಲಿ ಮಾಡುತ್ತಿದ್ದ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಉದಾರವಾದಿಗಳಂತೆಯೇ ಸಂಪ್ರದಾಯವಾದಿ ಪ್ರೇಕ್ಷಕರಿಗೂ ಅವನು ನಗು ತರಿಸುತ್ತಿದ್ದ. ಆದರೆ ಸಂಪ್ರದಾಯವಾದಿಗಳಲ್ಲಿ ಹೆಚ್ಚು ಜನ, ಅವನು ತಮಾಷೆಯ ನಾಟಕವಾಡುತ್ತ ಒಳಗೊಳಗೇ ನಮ್ಮ ಮಾತನ್ನೇ ಹೇಳುತ್ತಿದ್ದಾನೆ ಎಂದು ನಂಬಿದ್ದರು. ಒಂದೇ ಜೋಕಿಗೆ ಎದುರುಬದುರು ನಿಂತವರಿಬ್ಬರೂ ನಕ್ಕರು, ತಂತಮ್ಮ ಗೆಲುವೆಂದು.

ಹೀಗಿರುವಾಗ ತಪ್ಪು ತಿಳಿಯುವವರ ಭಯ ಇರುವುದು ಸಹಜ. ಆದರೆ ಆ ಭಯದಲ್ಲೂ ಒಂದು ಸೊಟ್ಟತನ ಇದೆ. 2008ರ ಜುಲೈನಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆ ಬ್ಯಾರಿ ಬ್ಲಿಟ್ ಬರೆದ ಮುಖಪುಟ ಹಾಕಿತು. ಬರಾಕ್ ಒಬಾಮಾ ಪೇಟ ಸುತ್ತಿ ನಿಲುವಂಗಿ ತೊಟ್ಟಿದ್ದಾರೆ, ಮಿಶೆಲ್ ಬೆನ್ನಿಗೆ ಬಂದೂಕು ಹಾಕಿಕೊಂಡಿದ್ದಾರೆ, ಅಗ್ಗಿಷ್ಟಿಕೆಯಲ್ಲಿ ಅಮೆರಿಕದ ಬಾವುಟ ಉರಿಯುತ್ತಿದೆ. ಒಬಾಮಾ ಬಗ್ಗೆ ಹಬ್ಬಿಸುತ್ತಿದ್ದ ವದಂತಿಗಳನ್ನೆಲ್ಲ ಒಂದೇ ಕೋಣೆಯಲ್ಲಿ ಜೋಡಿಸಿ, ನೋಡಿ, ಎಷ್ಟು ಹಾಸ್ಯಾಸ್ಪದ ಎಂದು ತೋರಿಸುವುದು ಕಲಾವಿದನ ಆಸೆ. ಒಬಾಮಾ ಕಡೆಯವರೂ ಎದುರಾಳಿ ಮೆಕೇನ್ ಕಡೆಯವರೂ ಒಂದೇ ದನಿಯಲ್ಲಿ ಖಂಡಿಸಿದರು. ಖಂಡಿಸಿದ ಓದುಗರಲ್ಲಿ ಹಲವರ ವಾದ ಹೀಗಿತ್ತು: ಇದು ವಿಡಂಬನೆ ಎಂದು ನನಗೆ ಗೊತ್ತು, ಆದರೆ ಅಲ್ಲೆಲ್ಲೋ ಇರುವ ಜನಕ್ಕೆ ಗೊತ್ತಾಗುವುದಿಲ್ಲವಲ್ಲ.

ಈ ‘ಅಲ್ಲೆಲ್ಲೋ ಇರುವ ಜನ’ ಯಾರು? ಸಮಾಜವಿಜ್ಞಾನಿ ಫಿಲಿಪ್ಸ್ ಡೇವಿಸನ್ 1983ರಲ್ಲೇ ಇದನ್ನು ಗುರುತಿಸಿದ್ದರು. ಮಾಧ್ಯಮದ ಮಾತು ತನ್ನ ಮೇಲಿಗಿಂತ ಬೇರೆಯವರ ಮೇಲೆ ಹೆಚ್ಚು ಪರಿಣಾಮ ಮಾಡುತ್ತದೆ ಎಂದು ಪ್ರತಿಯೊಬ್ಬರೂ ನಂಬುತ್ತಾರೆ. ಆ ಇಲ್ಲದ ಮೂರನೆಯವರ ಹೆಸರಿನಲ್ಲೇ ಏನನ್ನಾದರೂ ತಡೆಯಬೇಕೆನ್ನುತ್ತಾರೆ. ನಮ್ಮಲ್ಲಿ ಈ ಮೂರನೆಯವರಿಗೆ ‘ಮುಗ್ಧ ಜನ’ ಎಂಬ ಹೆಸರಿದೆ. ಅವರನ್ನು ಕಂಡವರಿಲ್ಲ. ಅವರ ಪರವಾಗಿ ಠಾಣೆಗೆ ದೂರು ಕೊಟ್ಟವರು ಬೇಕಾದಷ್ಟು.

ಕೋಲ್ಕತ್ತಾದ ಕಥೆ ಇದಕ್ಕೆಲ್ಲ ಹಿರಿಯಣ್ಣ. ಹತ್ತಿರದಿಂದ ನೋಡಬೇಕಾದದ್ದು. 2012ರ ಮಾರ್ಚ್‌ನಲ್ಲಿ ಆಗಿನ ರೈಲ್ವೆ ಮಂತ್ರಿ ದಿನೇಶ್ ತ್ರಿವೇದಿ ಪ್ರಯಾಣದರ ಏರಿಸಿದರು. ಅವರದೇ ಪಕ್ಷದ ನಾಯಕಿ ಮಮತಾ ಬ್ಯಾನರ್ಜಿ ಸಿಟ್ಟಿಗೆದ್ದು ಅವರನ್ನು ಇಳಿಸಿ ಮುಕುಲ್ ರಾಯ್ ಅವರನ್ನು ಕೂರಿಸಿದರು. ಮುಕುಲ್ ಎಂಬ ಹೆಸರು ಕೇಳಿದ ಕೂಡಲೇ ಬಂಗಾಳಿಗಳ ನೆನಪಿಗೆ ಬರುವುದು ಸತ್ಯಜಿತ್ ರಾಯ್ ಅವರ ‘ಸೋನಾರ್ ಕೆಲ್ಲಾ’. 1974ರ ಆ ಮಕ್ಕಳ ಸಿನಿಮಾದಲ್ಲಿ ಹಿಂದಿನ ಜನ್ಮದ ನೆನಪಿರುವ ಹುಡುಗ ಮುಕುಲ್; ಅವನು ಹುಡುಕುವುದು ಚಿನ್ನದ ಕೋಟೆಯನ್ನು. ಕೇಡಿಗರಿಬ್ಬರು ಅವನನ್ನು ಪುಸಲಾಯಿಸುತ್ತ, ಕೆಟ್ಟ ಮನುಷ್ಯ ಮಾಯವಾಗಿಬಿಟ್ಟ ಎಂದು ನಂಬಿಸುತ್ತಾರೆ. ಯಾರೋ ಕಿಡಿಗೇಡಿ ಇದನ್ನೆಲ್ಲ ಕತ್ತರಿಸಿ ಅಂಟಿಸಿದ. ರೈಲ್ವೆ ಲಾಂಛನ ಚಿನ್ನದ ಕೋಟೆಯಾಯಿತು, ತ್ರಿವೇದಿ ಮಾಯವಾದ ಕೆಟ್ಟ ಮನುಷ್ಯನಾದರು. ಮೂರು ನಾಲ್ಕು ಫೋಟೋ, ಮಾತಿನ ಗುಳ್ಳೆ. ಸಿನಿಮಾ ನೋಡಿದ ಯಾವ ಬಂಗಾಳಿಗೂ ಎರಡು ಸೆಕೆಂಡಿನಲ್ಲಿ ನಗು ಬರುವ, ವಾರದೊಳಗೆ ಮರೆತುಹೋಗುವ ಸರಕು.

ಜಾದವ್‌ಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅದನ್ನು ತಮ್ಮ ಹೌಸಿಂಗ್ ಸೊಸೈಟಿಯ ಸದಸ್ಯರಿಗೆ ಇಮೇಲ್ ಮಾಡಿದರು. ಬರೆದದ್ದು ಅವರಲ್ಲ, ಕಳಿಸಿದ್ದಷ್ಟೇ. ಏಪ್ರಿಲ್ 12ರ ರಾತ್ರಿ ಅವರ ಮೇಲೆ ಹಲ್ಲೆಯಾಯಿತು, ಆಮೇಲೆ ಪೊಲೀಸರು ಬಂಧಿಸಿದ್ದೂ ಅವರನ್ನೇ. ಜೊತೆಗೆ ಸೊಸೈಟಿಯ ವಯಸ್ಸಾದ ಪದಾಧಿಕಾರಿಯೊಬ್ಬರನ್ನು. ಮಾಯವಾಗುವುದೆಂದರೆ ಕೊಲೆಯ ಸಂಚು ಎಂದು ಓದಿದವರೂ ಇದ್ದರು. ಸಿನಿಮಾ ಗೊತ್ತಿಲ್ಲದವರು ಹಾಗೆ ಓದಿದ್ದರೆ ಕ್ಷಮಿಸಬಹುದಿತ್ತು. ಇಲ್ಲಿ ಎಲ್ಲರಿಗೂ ಸಿನಿಮಾ ಬಾಯಿಪಾಠ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಓದುವುದು ಒಂದು ಬೇರೆಯೇ ವಿದ್ಯೆ. ಅಧಿಕಾರದ ಹತ್ತಿರ ಇರುವವರಿಗೆ ಅದು ಬೇಗ ಒಲಿಯುತ್ತದೆ. ಅದೇ ವರ್ಷದ ಆಗಸ್ಟ್‌ನಲ್ಲಿ ರಾಜ್ಯದ ಮಾನವ ಹಕ್ಕು ಆಯೋಗ ಇಬ್ಬರಿಗೂ ತಲಾ 50,000 ರೂಪಾಯಿ ಪರಿಹಾರ ಕೊಡಬೇಕೆಂದಿತು. ಮೊಕದ್ದಮೆ ಮಾತ್ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿಗೆ ಜೋತುಬಿದ್ದು ಉಳಿಯಿತು.

ಇಷ್ಟು ಹೇಳಿದ ಮೇಲೆ, ಸಿಟ್ಟಾದವರೆಲ್ಲ ನಾಟಕವಾಡುತ್ತಾರೆ ಎಂದುಬಿಟ್ಟರೆ ಅನ್ಯಾಯವಾಗುತ್ತದೆ. ಅದೇ 2012ರ ಮೇ ತಿಂಗಳಲ್ಲಿ ಸಂಸತ್ತು ಇನ್ನೊಂದು ಚಿತ್ರಕ್ಕಾಗಿ ಗದ್ದಲದಲ್ಲಿ ಮುಳುಗಿತು. ಕೇಶವ ಶಂಕರ ಪಿಳ್ಳೆ, ನಾವೆಲ್ಲ ‘ಶಂಕರ್’ ಎಂದು ಕರೆಯುವವರು, 1949ರಲ್ಲಿ ಬರೆದ ಚಿತ್ರ ಅದು. ಸಂವಿಧಾನ ಎಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್ ಕೂತಿದ್ದಾರೆ. ಹಿಂದೆ ನೆಹರೂ ಚಾಟಿ ಎತ್ತಿದ್ದಾರೆ. 2006ರಿಂದ ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿ ಪಠ್ಯಪುಸ್ತಕದಲ್ಲಿ ಇತ್ತು. ಪುಸ್ತಕದ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ರಾಜೀನಾಮೆ ಕೊಟ್ಟರು. ಪುಣೆಯಲ್ಲಿ ಪಳಶೀಕರ್ ಅವರ ಕಚೇರಿಗೆ ನುಗ್ಗಿ ಪುಡಿಗಟ್ಟಿದರು. ಪುಡಿಗಟ್ಟಿದ್ದಕ್ಕೆ ಸಮರ್ಥನೆಯಿಲ್ಲ. ಆದರೆ ಚಿತ್ರದ ಬಗ್ಗೆ ಎದ್ದ ನೋವಿಗೆ ಇದೆ. 1949ರಲ್ಲಿ ‘ಶಂಕರ್ಸ್ ವೀಕ್ಲಿ’ ಓದುತ್ತಿದ್ದವರು ಇಂಗ್ಲಿಷ್ ಬಲ್ಲ, ಬಹುಪಾಲು ಮೇಲ್ಜಾತಿಯ ಜನ. ಅವರಿಗೆ ಕಂಡದ್ದು ಸಂವಿಧಾನ ರಚನೆಯ ನಿಧಾನ. ಅರವತ್ತು ವರ್ಷದ ಮೇಲೆ ಅದೇ ಪುಟ ದಲಿತ ಹುಡುಗ ಹುಡುಗಿಯರ ಮುಂದೆ ತೆರೆದುಕೊಂಡಾಗ ಅವರಿಗೆ ಕಂಡದ್ದು ಬಾಬಾಸಾಹೇಬರ ಹಿಂದೆ ಎತ್ತಿದ ಚಾಟಿ, ಸುತ್ತ ನಿಂತು ನೋಡುತ್ತಿರುವ ಗುಂಪು. ಆಮೇಲೆ ಉನ್ನಮತಿ ಶ್ಯಾಮ ಸುಂದರ್ ಆ ಕಾಲದ ಪತ್ರಿಕೆಗಳನ್ನು ಜಾಲಾಡಿ ಅಂಬೇಡ್ಕರ್ ಕುರಿತ ವ್ಯಂಗ್ಯಚಿತ್ರಗಳನ್ನು ಒಂದು ಪುಸ್ತಕವಾಗಿ ತಂದರು, 2019ರಲ್ಲಿ. ಒಟ್ಟಿಗೆ ನೋಡಿದಾಗ ಒಂದೊಂದರಲ್ಲಿ ತಮಾಷೆಯಂತೆ ಕಂಡದ್ದು ಸಾಲಾಗಿ ಬೇರೆಯೇ ಕಾಣುತ್ತದೆ.

ಇಲ್ಲಿ ಅಕ್ಕಪಕ್ಕ ನೋಡಿದವರು ಹೇಡಿಗಳಲ್ಲ. ಇಷ್ಟು ದಿನ ನಕ್ಕವರ ನಡುವೆ ನಾವ್ಯಾರೂ ಇರಲಿಲ್ಲವಲ್ಲ ಎಂದು ಮೊದಲ ಸಲ ಗಮನಿಸಿದವರು. ಜಾಲತಾಣದ ದೊಡ್ಡ ಬದಲಾವಣೆ ನನ್ನ ಲೆಕ್ಕದಲ್ಲಿ ಇದೇ: ಯಾರ ಬಗ್ಗೆ ಚಿತ್ರವೋ ಅವರ ಕೈಗೇ ಚಿತ್ರ ತಲುಪುತ್ತದೆ, ಅವರಿಗೆ ಬಾಯಿಯೂ ಇದೆ. ಹೆಂಡತಿಯರ ಮೇಲಿನ ಜೋಕು, ಕೆಲಸದವಳ ಮೇಲಿನ ಜೋಕು, ಉತ್ತರ ಕರ್ನಾಟಕದವರ ಮಾತಿನ ಮೇಲಿನ ಜೋಕು ಈಗ ಮೊದಲಿನ ಹಾಗೆ ಸಲೀಸಾಗಿ ಓಡುವುದಿಲ್ಲ ಎಂದು ಗೊಣಗುವ ಹಿರಿಯರಿದ್ದಾರೆ. ಜೋಕು ಹಳೆಯದೇ, ಓದುಗರು ಹೊಸಬರು.

ಇನ್ನು ಆಳುವವರೂ ಓದುಗರೇ, ಅದು ಮರೆತುಹೋಗುತ್ತದೆ. ತಮಿಳಿನ ‘ಆನಂದ ವಿಕಟನ್’ ಪತ್ರಿಕೆಗೆ ಇದರ ಅನುಭವ ಎರಡು ಸಲ ಆಗಿದೆ. 1987ರಲ್ಲಿ ಶಾಸಕರನ್ನೂ ಮಂತ್ರಿಗಳನ್ನೂ ಜೇಬುಗಳ್ಳ, ದರೋಡೆಕೋರರಿಗೆ ಹೋಲಿಸಿದ ಒಂದು ಮುಖಪುಟದ ಜೋಕಿಗೆ ತಮಿಳುನಾಡು ವಿಧಾನಸಭೆ ಹಕ್ಕುಚ್ಯುತಿಯೆಂದು ಸಂಪಾದಕ ಎಸ್. ಬಾಲಸುಬ್ರಮಣಿಯನ್ ಅವರಿಗೆ ಮೂರು ತಿಂಗಳ ಸಜೆ ವಿಧಿಸಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಬಿಟ್ಟರು. 2025ರ ಫೆಬ್ರುವರಿಯಲ್ಲಿ, ಅಮೆರಿಕ ಭಾರತೀಯ ವಲಸಿಗರಿಗೆ ಕೋಳ ತೊಡಿಸಿ ವಾಪಸು ಕಳಿಸಿದ ಹೊತ್ತಿಗೆ, ಅದೇ ಬಳಗದ ಡಿಜಿಟಲ್ ಪತ್ರಿಕೆ ‘ವಿಕಟನ್ ಪ್ಲಸ್’ ಮುಖಪುಟದಲ್ಲಿ ಟ್ರಂಪ್ ಪಕ್ಕ ಪ್ರಧಾನಿಯನ್ನು ಸರಪಳಿಯಲ್ಲಿ ಕೂರಿಸಿತು. ಕೆಲವು ದಿನದಲ್ಲಿ ವಿಕಟನ್ ಜಾಲತಾಣವೇ ತೆರೆಯದಂತಾಯಿತು. ಮದ್ರಾಸ್ ಹೈಕೋರ್ಟು ಮಾರ್ಚ್‌ನಲ್ಲಿ, ಆ ಪುಟವನ್ನು ಸದ್ಯಕ್ಕೆ ತೆಗೆದರೆ ತಾಣವನ್ನು ಬಿಡಬೇಕೆಂದಿತು. ಅಷ್ಟರಲ್ಲಿ ತಮಿಳಿನ ಒಂದಕ್ಷರ ಬಾರದವರೂ ಆ ಚಿತ್ರ ನೋಡಿ ಮುಗಿಸಿದ್ದರು. ಚಂದಾದಾರರು ನೋಡಿ ಮರೆಯಬೇಕಿದ್ದ ಚಿತ್ರಕ್ಕೆ ದೇಶವ್ಯಾಪಿ ಪ್ರಚಾರ ಕೊಟ್ಟವರು ತಡೆಯಲು ಹೊರಟವರು. ಇದು ಪ್ರತಿ ಸಲ ಆಗುತ್ತದೆ, ಪ್ರತಿ ಸಲವೂ ಅವರಿಗೆ ಆಶ್ಚರ್ಯವಾಗುತ್ತದೆ.

ರಚಿತಾ ತನೇಜಾ ಅವರ ‘ಸ್ಯಾನಿಟರಿ ಪ್ಯಾನೆಲ್ಸ್’ ಇನ್ನೊಂದು ಬಗೆ. 2014ರಲ್ಲಿ ಶುರುವಾದ ಈ ಸರಣಿಯಲ್ಲಿ ಇರುವುದು ಕಡ್ಡಿ ಮನುಷ್ಯರು ಮಾತ್ರ: ಒಂದು ಸೊನ್ನೆ, ಐದು ಗೆರೆ. ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಯಾರು ಬೇಕಾದರೂ ಬರೆಯಬಹುದು. ಲಕ್ಷ್ಮಣ್ ಅವರ ಗೆರೆಯೆದುರು ಬೈಯುವವನೂ ಕೈಚಳಕಕ್ಕೆ ಒಂದು ಕ್ಷಣ ತಲೆದೂಗುತ್ತಿದ್ದ. ಆ ಒಂದು ಕ್ಷಣದಲ್ಲಿ ಸಿಟ್ಟು ಅರ್ಧ ಇಳಿಯುತ್ತಿತ್ತು. ಕಡ್ಡಿ ಚಿತ್ರದಲ್ಲಿ ಆ ಮೆತ್ತೆಯಿಲ್ಲ. ಮಾತು ನೇರವಾಗಿ ಬಂದು ಬಡಿಯುತ್ತದೆ. 2020ರ ನವೆಂಬರ್‌ನಲ್ಲಿ ಟೀವಿ ನಿರೂಪಕರೊಬ್ಬರಿಗೆ ಸುಪ್ರೀಂ ಕೋರ್ಟು ಬೇಗನೆ ಜಾಮೀನು ಕೊಟ್ಟದ್ದರ ಸುತ್ತ ಅವರು ಬರೆದ ಚಿತ್ರಗಳಿಗೆ ನ್ಯಾಯಾಂಗ ನಿಂದನೆಯ ಮೊಕದ್ದಮೆ ಹೂಡಲು ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟರು. ಕೋರ್ಟು ನೋಟಿಸ್ ಕೊಟ್ಟಿತು. 2024ರಲ್ಲಿ ಜಿನೀವಾದಲ್ಲಿ ಕೋಫಿ ಅನ್ನಾನ್ ಹೆಸರಿನ ಧೈರ್ಯ ಪ್ರಶಸ್ತಿ ಹಾಂಗ್‌ಕಾಂಗ್‌ನ ಝುಂಝಿ ಜೊತೆ ಅವರಿಗೂ ಬಂತು. ಐದು ಗೆರೆಗೆ ಒಂದು ಕಡೆ ನೋಟಿಸು, ಒಂದು ಕಡೆ ಪ್ರಶಸ್ತಿ.

ಜಾಲತಾಣದ ಯಂತ್ರದ ಪಾತ್ರವೂ ಸಣ್ಣದಲ್ಲ, ಆದರೆ ಅದರ ಮೇಲೇ ಎಲ್ಲ ಹೊರಿಸುವುದು ನನಗೆ ಒಗ್ಗುವುದಿಲ್ಲ. 2017ರಲ್ಲಿ ಅಮೆರಿಕದ ಸಂಶೋಧಕರು ಐದು ಲಕ್ಷಕ್ಕೂ ಹೆಚ್ಚು ಟ್ವೀಟುಗಳನ್ನು ಜರಡಿ ಹಿಡಿದು ನೋಡಿದರು. ನೈತಿಕ ಭಾವಾವೇಶದ ಒಂದೊಂದು ಮಾತು ಸೇರಿದಂತೆ ಟ್ವೀಟು ಹರಡುವ ಸಾಧ್ಯತೆ ಸುಮಾರು ಶೇ. 20ರಷ್ಟು ಏರುತ್ತಿತ್ತು, ಹರಡಿದ್ದು ಹೆಚ್ಚಾಗಿ ತಂತಮ್ಮ ಬಣದ ಒಳಗೇ. ಅಂದರೆ ಒಂದು ಚಿತ್ರವನ್ನು ಸುಮ್ಮನೆ ಹಂಚಿದರೆ ಹತ್ತು ಜನ ನೋಡುವಲ್ಲಿ, “ಇದಕ್ಕಿಂತ ಹೇಸಿಗೆ ಇದೆಯೇ?” ಎಂದು ಸೇರಿಸಿ ಹಂಚಿದವನಿಗೆ ಹೆಚ್ಚು ಗಿರಾಕಿ. ಬೈಯಲೆಂದು ಹಂಚುವವನೇ ಚಿತ್ರದ ದೊಡ್ಡ ಪ್ರಚಾರಕ.

ಕೆಲವೊಮ್ಮೆ ಓದುಗರು ಪಾತ್ರವನ್ನು ಬರೆದವನ ಕೈಯಿಂದ ಕಿತ್ತುಕೊಂಡೇ ಹೋಗುತ್ತಾರೆ. ಮ್ಯಾಟ್ ಫ್ಯೂರಿ 2005ರ ಸುಮಾರಿಗೆ ಬರೆದ ‘ಬಾಯ್ಸ್ ಕ್ಲಬ್’ ಕಾಮಿಕ್ಸಿನ ಪೆಪೆ ಎಂಬ ಕಪ್ಪೆ ಸೋಮಾರಿ, ನಿರುಪದ್ರವಿ. ಜಾಲದ ಕಿಡಿಗೇಡಿಗಳು ಅದನ್ನು ಎಳೆದಾಡಿ, 2016ರ ಹೊತ್ತಿಗೆ ಅಮೆರಿಕದ ಒಂದು ಸಂಸ್ಥೆ ಅದನ್ನು ದ್ವೇಷದ ಚಿಹ್ನೆಗಳ ಪಟ್ಟಿಗೆ ಸೇರಿಸುವಂತೆ ಮಾಡಿದರು. ಬೇಸತ್ತ ಫ್ಯೂರಿ 2017ರಲ್ಲಿ ತನ್ನ ಕಾಮಿಕ್ಸಿನಲ್ಲೇ ಪೆಪೆಯನ್ನು ಸಾಯಿಸಿದ. 2019ರಲ್ಲಿ ಹಾಂಗ್‌ಕಾಂಗ್‌ನ ಹುಡುಗರು ಅದೇ ಕಪ್ಪೆಗೆ ಹಳದಿ ಹೆಲ್ಮೆಟ್ ತೊಡಿಸಿ ಪ್ರಜಾಪ್ರಭುತ್ವದ ಗೋಡೆಬರಹಕ್ಕೆ ಏರಿಸಿದರು. ಅಮೆರಿಕದ ರಾದ್ಧಾಂತ ಅವರಿಗೆ ಲೆಕ್ಕಕ್ಕೇ ಇರಲಿಲ್ಲ.

ನಮ್ಮ ಕುಂದಾಪುರದ ಸತೀಶ್ ಆಚಾರ್ಯ ಅವರಿಗೆ 2018ರಲ್ಲಿ ಆದದ್ದನ್ನು ನೋಡಿ. ನೆರೆಹೊರೆಯಲ್ಲಿ ಚೀನಾದ ಹಿಡಿತ ಬಿಗಿಯಾಗುತ್ತಿದೆ ಎಂಬರ್ಥದ ಅವರ ಚಿತ್ರವನ್ನು ದೆಹಲಿಯ ದೈನಿಕವೊಂದು ಹಾಕಲಿಲ್ಲ. ಅವರ ಅಂಕಣವೂ ನಿಂತಿತು. ಆಚಾರ್ಯ ಚಿತ್ರವನ್ನು ಜಾಲತಾಣಕ್ಕೆ ಹಾಕಿದರು. ದೇಶದ ನಾನಾ ಕಡೆಯಿಂದ ಬೆಂಬಲ ಬಂತು, ಬರಬೇಕಾದದ್ದೇ. ಮಾಧ್ಯಮ ಸ್ವಾತಂತ್ರ್ಯದ ಬಗ್ಗೆ ಸಂಪಾದಕೀಯದಂಥ ಉದ್ದುದ್ದ ಟಿಪ್ಪಣಿಗಳು ಬಂದವು. ಎದುರು ಬಣದವರು ದೇಶಪ್ರೇಮದ ಪಾಠ ಮಾಡಿದರು. ಚೀನಾದ ವಿಷಯದಲ್ಲಿ ಆ ಚಿತ್ರ ಹೇಳಿದ್ದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಮಾತ್ರ ಭೂತಗನ್ನಡಿ ಹಿಡಿದು ಹುಡುಕಬೇಕಾಯಿತು. ಪರವಾಗಿ ನಿಂತವರೂ ಚಿತ್ರದ ಪಕ್ಕದಲ್ಲಿ ನಿಂತರು, ಚಿತ್ರದೆದುರು ಅಲ್ಲ.

ಚಿತ್ರದೆದುರೇ ಕೂತು ನೋಡಿದ ಓದುಗರು ಅಪರೂಪಕ್ಕೆ ಸಿಗುತ್ತಾರೆ. ಅಸೀಂ ತ್ರಿವೇದಿಯ ಪ್ರಕರಣದಲ್ಲಿ ಸಿಕ್ಕರು. ಅಣ್ಣಾ ಹಜಾರೆ ಚಳವಳಿಯ ಕಾಲದಲ್ಲಿ ಈತ ಭ್ರಷ್ಟಾಚಾರ ವಿರೋಧಿ ಚಿತ್ರಗಳ ಜಾಲತಾಣ ನಡೆಸುತ್ತಿದ್ದ. ಸಂಸತ್ ಭವನ ಶೌಚದ ಕಮೋಡು, ರಾಷ್ಟ್ರಲಾಂಛನದ ಸಿಂಹಗಳು ತೋಳಗಳು. 2012ರ ಸೆಪ್ಟೆಂಬರ್‌ನಲ್ಲಿ ದೇಶದ್ರೋಹದ ಆರೋಪದ ಮೇಲೆ ಮುಂಬೈ ಪೊಲೀಸರು ಬಂಧಿಸಿದರು. ವಿರೋಧಿಗಳು ದೇಶದ್ರೋಹಿ ಎಂದರು, ಅಭಿಮಾನಿಗಳು ಹೊಸ ಸ್ವಾತಂತ್ರ್ಯ ಹೋರಾಟಗಾರ ಎಂದರು. ಆಮೇಲೆ ದೇಶದ್ರೋಹದ ಆರೋಪ ಕೈಬಿಟ್ಟರೂ ಅದರ ಕುರಿತ ಅರ್ಜಿ ಬಾಂಬೆ ಹೈಕೋರ್ಟಿನಲ್ಲಿ ಮುಂದುವರಿದು 2015ರ ಮಾರ್ಚ್‌ನಲ್ಲಿ ತೀರ್ಪು ಬಂತು. ನ್ಯಾಯಾಲಯ ಏಳು ಚಿತ್ರಗಳನ್ನು ಮುಂದಿಟ್ಟುಕೊಂಡು ನೋಡಿತು. ಇವುಗಳಲ್ಲಿ ಹಾಸ್ಯವೂ ಇಲ್ಲ, ಚಾತುರ್ಯವೂ ಇಲ್ಲ, ಬರೀ ಸಿಟ್ಟು ಮತ್ತು ಜಿಗುಪ್ಸೆ ಇದೆ ಎಂದಿತು. ಕಲಾವಿಮರ್ಶಕರೂ ಇಷ್ಟು ಖಾರವಾಗಿ ಹೇಳಿರಲಿಲ್ಲ. ಹಾಗೆಂದ ಮಾತ್ರಕ್ಕೆ, ಹಿಂಸೆಗೆ ಪ್ರಚೋದನೆ ಇಲ್ಲದಿರುವಾಗ, ಆ ಸಿಟ್ಟನ್ನು ಹೇಳುವ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ ಎಂದೂ ಅದೇ ಉಸಿರಿನಲ್ಲಿ ಹೇಳಿತು. ಚೆನ್ನಾಗಿಲ್ಲ, ಇರಲಿ ಬಿಡಿ, ಎನ್ನುವ ಈ ಪ್ರತಿಕ್ರಿಯೆಗೆ ಯಾವ ಆ್ಯಪಿನಲ್ಲೂ ಗುಂಡಿಯಿಲ್ಲ.

ಅದೇ ತಿಂಗಳ 24ರಂದು ಸುಪ್ರೀಂ ಕೋರ್ಟು 66ಎ ಕಲಮನ್ನೇ ಸಂವಿಧಾನ ವಿರೋಧಿ ಎಂದು ರದ್ದುಮಾಡಿತು. ಆ ಕಲಮಿನ ಅಡಿಯ ಅಂಬಿಕೇಶ್ ಮಹಾಪಾತ್ರರ ಮೊಕದ್ದಮೆ ಆಲಿಪುರದ ನ್ಯಾಯಾಲಯದಲ್ಲಿ ಮುಗಿದದ್ದು 2023ರ ಜನವರಿಯಲ್ಲಿ.